ಅಣ್ಣನ ಕೈಯ ಅಚ್ಚು

ಏಪ್ರಿಲ್ 6

ಅತ್ತಿಗೆಗೆ ನಿಮ್ಮ ಮೈದುನನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು ಮತ್ತು ಮರ ಕಡೆಯುವ ನನ್ನ ಲೇತ್. ಪತ್ರ ಮನೆಗೆ ಬಾರದೆ ನಿಮ್ಮ ಹೊಲಿಗೆ ಅಂಗಡಿಗೆ ಬಂದದ್ದು ನೋಡಿ ಹುಬ್ಬೇರಿಸಿರುತ್ತೀರಿ. ಮನೆಗೆ ಬರೆದರೆ ಅಣ್ಣ ಒಡೆಯದೆಯೇ ವಾಪಸ್ ಕಳಿಸುತ್ತಾನೆ. ಹೊರಗಿನಿಂದ ಫೋನು ಮಾಡೋಣವೆಂದರೆ ಅದು ಅವನ ಕುರ್ಚಿಯ ಪಕ್ಕದಲ್ಲೇ ಬಡಿದುಕೊಳ್ಳುತ್ತದೆ. ಹಾಗಾಗಿ ನೀವೇ ಗತಿ.

ಜೂನ್ ಕೊನೆಗೆ ಅಣ್ಣ ಪ್ರೆಸ್ಸಿನ ಕೆಲಸದಿಂದ ನಿವೃತ್ತನಾಗುತ್ತಾನೆ ಎಂದು ಕೇಳಿದೆ. ಅವನಿಗೊಂದು ಮರದ ಇಂಕ್ ಪೆನ್ನು ಮಾಡಿಕೊಡಬೇಕು ಎಂದಿದ್ದೇನೆ. ನಿಮಗೇ ಗೊತ್ತು, ಹೊಟ್ಟೆಪಾಡಿಗೆ ನಾನು ಕಡೆಯುವುದು ಮೆಟ್ಟಿಲ ಕಂಬ, ಮೇಜಿನ ಕಾಲು. ಪೆನ್ನನ್ನು ಮಾರುವುದಿಲ್ಲ, ಕೊಡುವುದಷ್ಟೇ. ಇಲ್ಲಿನ ಡಾಕ್ಟರಿಗೆ ಕೊಟ್ಟೆ, ಪೋಸ್ಟ್‌ಮ್ಯಾನಿಗೆ ಕೊಟ್ಟೆ, ಎದುರುಮನೆಯ ಸಂಗೀತದ ಮೇಷ್ಟರಿಗೂ ಕೊಟ್ಟೆ. ಬೆಳಗಿನಿಂದ ಸಂಜೆವರೆಗೆ ಪೆನ್ನು ಹಿಡಿದು ಊರಿನವರ ಅಚ್ಚಿನ ತಪ್ಪು ತಿದ್ದುವ ಸ್ವಂತ ಅಣ್ಣನಿಗೆ ಮಾತ್ರ ಕೊಟ್ಟಿಲ್ಲ. ಮಾತು ಬಿಟ್ಟು ಆರು ವರ್ಷವಾಯಿತು. ನಾನಾಗಿ ಹೋಗಿ ಕಾಲು ಹಿಡಿಯುವವನಲ್ಲ, ಅವನಾಗಿ ಬಂದು ಬಾಗಿಲು ತಟ್ಟುವವನಲ್ಲ. ಒಂದು ಪೆನ್ನಾದರೂ ನಡುವೆ ಓಡಾಡಲಿ ಎನ್ನಿಸಿತು.

ಅದಕ್ಕೆ ಅವನ ಕೈ ಬೇಕು. ನನ್ನ ಪೆನ್ನಿನ ಹಿಡಿಕೆ ಗುಂಡಗಿರುವುದಿಲ್ಲ. ಬರೆಯುವವರ ಮೂರು ಬೆರಳು ಎಲ್ಲಿ ಕೂರುತ್ತವೋ ಅಲ್ಲಿ ಮರವನ್ನು ಅಷ್ಟಷ್ಟೇ ತಗ್ಗಿಸುತ್ತೇನೆ. ಹೀಗಾಗಿ ಒಂದು ಕಡ್ಡಿಗೆ ಜೇಡಿಮಣ್ಣು ಮೆತ್ತಿ ಒದ್ದೆ ಬಟ್ಟೆ ಸುತ್ತಿ ಕಳಿಸುತ್ತಿದ್ದೇನೆ. ಅಣ್ಣ ಅದನ್ನು ಬರೆಯುವಾಗಿನಂತೆ ಒಮ್ಮೆ ಹಿಡಿದರೆ ಸಾಕು, ಬೆರಳಿನ ಅಚ್ಚು ಮೂಡುತ್ತದೆ. ಒಣಗಿಸಿ ಹತ್ತಿಯಲ್ಲಿಟ್ಟು ವಾಪಸ್ ಕಳಿಸಿ. ನನ್ನ ಹೆಸರು ಬಾಯಿಗೆ ಬರದಿರಲಿ.

ನಿಮ್ಮ ಮೈದುನ


ಏಪ್ರಿಲ್ 19

ಗರಗಸದ ದೊರೆಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಪೊಟ್ಟಣ ಬಂದಾಗ ಅಂಗಡಿಯಲ್ಲಿ ಒಬ್ಬಾಕೆ ತೋಳು ಬಿಗಿಯಾಯಿತೆಂದು ಜಗಳ ತೆಗೆದಿದ್ದಳು. ಒದ್ದೆ ಬಟ್ಟೆಯಿಂದ ಮಣ್ಣಿನ ಉಂಡೆ ಹೊರಬಂದದ್ದು ನೋಡಿ ಜಗಳ ಮರೆತು ಹೊರಟುಹೋದಳು. ಅಷ್ಟರಮಟ್ಟಿಗೆ ನಿನ್ನಿಂದ ಉಪಕಾರವಾಯಿತು.

ಪೆನ್ನಿನ ಯೋಚನೆ ಚೆನ್ನಾಗಿದೆ. ಆದರೆ ನಿನ್ನ ಹೆಸರೆತ್ತಿದರೆ ಇವರದು ಈಗಲೂ ಅದೇ ಮಾತು. "ಅಮ್ಮ ಮಲಗಿದ್ದ ಮಂಚಕ್ಕೆ ಗರಗಸ ಹಾಕಿದ ಕೈ ಅದು. ಆ ಕೈ ಮುಟ್ಟಿದ ಒಂದು ಚಕ್ಕೆನೂ ನನ್ನ ಮನೆಗೆ ಬೇಡ." ಅತ್ತೆ ತೀರಿಕೊಂಡ ವಾರದಲ್ಲೇ ಆ ಮಂಚವನ್ನು ಯಾಕೆ ಕೊಯ್ದು ಹಾಕಿದೆ ಎಂದು ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಹೋಗಲಿ ಬಿಡು, ಈಗ ಕೆದಕುವುದು ಬೇಡ.

ಮಣ್ಣಿನ ಕಥೆ ಕೇಳು. ಊಟ ಮುಗಿಸಿ ಕೂತಿದ್ದವರ ಮುಂದಿಟ್ಟು, "ಇದನ್ನ ಸ್ವಲ್ಪ ಹಿಡೀರಿ, ಬರೆಯೋ ಥರ" ಎಂದೆ.

"ಯಾಕೆ?"

"ಸುಮ್ನೆ."

"ಮದುವೆ ಆದಾಗಿಂದ ನೀನು ಸುಮ್ನೆ ಅಂತ ಏನೂ ಮಾಡಿಸಿಲ್ಲ," ಎಂದವರು ಮಣ್ಣನ್ನು ಮೂಸಿ ನೋಡಿದರು. ಆಮೇಲೆ ಎದ್ದು ಹೋಗಿ ಗಡಗಡ ಎನ್ನುತ್ತಿದ್ದ ಕಿಟಕಿಯ ಗಾಜಿನ ಸಂದಿಗೆ ಅಷ್ಟನ್ನೂ ಮೆತ್ತಿಬಿಟ್ಟರು. ಸದ್ದು ನಿಂತಿತಲ್ಲ ಎಂದು ಸಂಜೆಯೆಲ್ಲ ಅದನ್ನೇ ನೋಡಿ ನೋಡಿ ಹೆಮ್ಮೆಪಟ್ಟರು.

ಮರುದಿನ ಅವರು ಪ್ರೆಸ್ಸಿಗೆ ಹೋದ ಮೇಲೆ ಕಿತ್ತು ತೆಗೆದು, ನೀರು ಹಾಕಿ ನಾದಿ, ಮತ್ತೆ ಕಡ್ಡಿಗೆ ಮೆತ್ತಿ ಅಂಗಡಿಗೆ ತಂದೆ. ಅಚ್ಚು ಇದರ ಜೊತೆಗಿದೆ. ಹೇಗೆ ಬಂತು, ಯಾವಾಗ ಬಂತು ಎಂದು ವಕೀಲನ ಹಾಗೆ ಕೇಳಬೇಡ. ಪೆನ್ನು ಮಾಡು.

ಅತ್ತಿಗೆ


ಏಪ್ರಿಲ್ 28

ಅತ್ತಿಗೆ,

ಅಚ್ಚು ಒಡೆಯದೆ ಬಂದು ತಲುಪಿತು. ಕಿಟಕಿಯ ಕಥೆ ಓದಿ ನಕ್ಕೆ. ಹತ್ತಿ ಬಿಡಿಸಿ ನೋಡಿದ ಮೇಲೆ ನಗು ನಿಂತುಹೋಯಿತು.

ಅಣ್ಣನ ಬೆರಳು ಇಷ್ಟು ಸಣ್ಣಗೆ ಯಾವಾಗಾದವು? ನನಗೆ ಅವನ ಕೈ ಚೆನ್ನಾಗಿ ನೆನಪಿದೆ. ಚಿಕ್ಕವನಿದ್ದಾಗ ಶಾಲೆಗೆ ಆ ಕೈ ಹಿಡಿದೇ ಹೋದವನು ನಾನು, ಕಿವಿ ಹಿಂಡಿಸಿಕೊಂಡದ್ದೂ ಅದೇ ಕೈಯಿಂದ. ಅವನ ಹೆಬ್ಬೆರಳು ನನ್ನ ಉಳಿಯ ಹಿಡಿಯಷ್ಟು ದಪ್ಪ ಇತ್ತು. ಈ ಅಚ್ಚಿನ ಹೆಬ್ಬೆರಳು ಅದರ ಅರ್ಧಕ್ಕೂ ಇಲ್ಲ. ಮಣ್ಣು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಆ ಲೆಕ್ಕ ನನಗೆ ಗೊತ್ತು. ಇದು ಮಣ್ಣು ಕುಗ್ಗಿದ್ದಲ್ಲ.

ಇನ್ನೊಂದು ಮಾತು. ಬರೆದು ಬರೆದು ಅವನ ಮಧ್ಯದ ಬೆರಳಿನಲ್ಲಿ ಒಂದು ಗಂಟು ಕಟ್ಟಿತ್ತಲ್ಲ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದರೂ ಕರಗದ ಗಂಟು, ಅದೂ ಇಲ್ಲಿ ಕಾಣುತ್ತಿಲ್ಲ. ಬರೆಯುವುದನ್ನು ಬಿಟ್ಟು ಎಷ್ಟು ದಿನವಾಯಿತು? ಅವನು ದಿನಾ ಪ್ರೆಸ್ಸಿಗೆ ಹೋಗುತ್ತಿರುವುದು ನಿಜವೇ? ಊಟ ಮಾಡುತ್ತಾನಾ?

ನಾನೇ ಏನೇನೋ ಕಲ್ಪಿಸಿಕೊಳ್ಳುತ್ತಿದ್ದರೆ ಒಂದು ಸಾಲು ಬರೆದು ಬೈಯಿರಿ.

ನಿಮ್ಮ ಮೈದುನ


ಮೇ 5

ಮೈದುನನಿಗೆ,

ಬೈಯಬೇಕಾದದ್ದು ನನ್ನನ್ನು. ಮಣ್ಣು ಹಿಡಿದದ್ದು ನಿಮ್ಮಣ್ಣ ಅಲ್ಲ ಕಣೋ, ನಾನು. ಮಷೀನಿನ ಮುಂದೆ ಕೂತು, ಇವರು ಹೇಗೆ ಹಿಡಿಯುತ್ತಾರೆ ಎಂದು ನೆನಪು ಮಾಡಿಕೊಂಡು, ಹಾಗೇ ಒತ್ತಿದೆ. ಬೆರಳು ಬೆರಳೇ ಅಲ್ಲವೇ, ಯಾರದಾದರೇನು ಎಂದುಕೊಂಡೆ. ಮಣ್ಣು ನೋಡಿ ನೀನು ಜಾತಕ ಓದುತ್ತೀಯ ಎಂದು ನನಗೇನು ಗೊತ್ತು?

ಹೀಗೆ ಬರೆದೆನೇನೋ ಸರಿ. ಓದಿದರೆ ನೀನು ಇನ್ನೊಂದು ಉಂಡೆ ಕಳಿಸುತ್ತೀಯ. ಇವರಿಗೆ ಈಗಾಗಲೇ ಮಣ್ಣೆಲ್ಲಿ ಹೋಯಿತು, ಕಿಟಕಿ ಮತ್ತೆ ಯಾಕೆ ಗಡಗಡ ಎನ್ನುತ್ತಿದೆ ಎಂಬ ಅನುಮಾನ. ಎರಡನೇ ಉಂಡೆ ಕಂಡರೆ ನಿನ್ನ ಗುಟ್ಟು ರಟ್ಟಾಗುತ್ತದೆ. ಇಲ್ಲದಿದ್ದರೆ ನೀನೇ ಮುನಿಸಿಕೊಂಡು ಪೆನ್ನೂ ಬೇಡ ಅಣ್ಣನೂ ಬೇಡ ಎಂದು ಕೈಚೆಲ್ಲುತ್ತೀಯ. ಆರು ವರ್ಷದ ಮೇಲೆ ಒಂದು ಎಳೆ ಸಿಕ್ಕಿದೆ, ಅದನ್ನು ನಾನೇ ಕಡಿಯಲೇ? ಬೇಡ. ಇದನ್ನು ಅಂಚೆಗೆ ಹಾಕುವುದಿಲ್ಲ. ಬೇರೆ ಬರೆಯುತ್ತೇನೆ.


ಮೇ 5

ಮೈದುನನಿಗೆ ಆಶೀರ್ವಾದ.

ಇವರು ಚೆನ್ನಾಗಿದ್ದಾರೆ. ವಯಸ್ಸಾಗುತ್ತಾ ಬೆರಳು ಒಂದಿಷ್ಟು ಸಣ್ಣಗಾಗಿರಬಹುದು, ನಾವು ಹತ್ತಿರವಿರುವವರಿಗೆ ಗೊತ್ತಾಗುವುದಿಲ್ಲ. ಗಂಟಿನ ವಿಷಯ ನಾನು ಗಮನಿಸಿಲ್ಲ. ನೀನು ತಲೆ ಕೆಡಿಸಿಕೊಳ್ಳದೆ ಅಚ್ಚು ಹೇಗಿದೆಯೋ ಹಾಗೆ ಪೆನ್ನು ಮಾಡು. ಬೇಗ ಮಾಡು.

ಅತ್ತಿಗೆ


ಮೇ 12

ಅತ್ತಿಗೆ,

ನಿಮ್ಮ ಪತ್ರ ಇಷ್ಟು ಚಿಕ್ಕದಾಗಿರುವುದನ್ನು ನಾನು ಯಾವತ್ತೂ ಕಂಡಿಲ್ಲ. "ಬೇಗ ಮಾಡು" ಎಂದು ಬೇರೆ ಬರೆದಿದ್ದೀರಿ. ಜೂನ್ ಕೊನೆಯವರೆಗೂ ಸಮಯವಿದೆಯಲ್ಲ, ಯಾಕೆ ಬೇಗ ಎಂದು ಯೋಚಿಸುತ್ತಾ ಲೇತ್ ಆರಿಸಿ ಕೂತುಬಿಟ್ಟೆ.

ಹೋದ ಸಲ ಒಂದು ಸಂಗತಿ ಬರೆದಿರಲಿಲ್ಲ. ಬರೆದರೆ ನಿಮಗೆ ನೋವಾದೀತು ಎಂದು ಬಿಟ್ಟಿದ್ದೆ. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರೆ ತೋರುಬೆರಳ ತುದಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕಲೆ. ಹೆಬ್ಬೆರಳಿನಲ್ಲೂ ಇವೆ. ಇಲ್ಲಿನ ಡಾಕ್ಟರನ್ನು ಕೇಳಿದೆ. ರಕ್ತ ಪರೀಕ್ಷೆಗೆ ಪದೇ ಪದೇ ಬೆರಳು ಚುಚ್ಚಿದರೆ ಹಾಗಾಗಬಹುದು ಎಂದರು. ಯಾರಿಗೆ ಎಂದು ಅವರು ಕೇಳಿದರು. ನಮ್ಮಣ್ಣನಿಗೆ ಎಂದೆ. ಆರು ವರ್ಷದಲ್ಲಿ ಆ ಶಬ್ದವನ್ನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ.

ನೀವು ಮುಚ್ಚಿಡುತ್ತಿದ್ದೀರಿ. ಅವನೇ ಹೇಳಬೇಡ ಎಂದಿರಬೇಕು, ಅವನ ಜಾಯಮಾನವೇ ಅದು. ನಾನು ಮೇಲೆಬಿದ್ದು ಕೇಳುವುದಿಲ್ಲ. ಆದರೆ ನನಗೆ ಏನೂ ತೋಚುತ್ತಿಲ್ಲ. ಅವನ ಮೇಲಿನ ಸಿಟ್ಟು ಹಾಗೇ ಇದೆ, ಅದು ಹೋಗಿಲ್ಲ. ಸಿಟ್ಟೂ ಇದೆ, ಇತ್ತ ಕೈಕಾಲೂ ಆಡುತ್ತಿಲ್ಲ. ಎರಡೂ ಒಟ್ಟಿಗೆ ಹೇಗೆ ಇರುತ್ತವೆ ಎಂದು ನೀವಾದರೂ ಹೇಳಿ.

ಪೆನ್ನಿಗೆ ಬೀಟೆ ಮರ ಎಂದುಕೊಂಡಿದ್ದೆ. ಈಗ ಬದಲಾಯಿಸಿದ್ದೇನೆ. ಯಾವ ಮರ ಎಂದು ಸದ್ಯಕ್ಕೆ ಕೇಳಬೇಡಿ.

ನಿಮ್ಮ ಮೈದುನ


ಮೇ 23

ಮೈದುನನಿಗೆ,

ನಿನ್ನ ಪತ್ರ ಓದಿ ನನಗೂ ಒಂದು ಗಳಿಗೆ ಭಯವಾಯಿತು. ಆ ಕಲೆಗಳಿಗೆ ಬೇರೆಯೇ ಕಾರಣವಿದೆ, ಮುಂದೆ ಯಾವಾಗಲಾದರೂ ಹೇಳುತ್ತೇನೆ. ಆದರೆ ನೀನು ಇಷ್ಟು ಖಚಿತವಾಗಿ ಬರೆದ ಮೇಲೆ ನನಗೇ ಅನುಮಾನ ಶುರುವಾಯಿತು. ಅಣ್ಣತಮ್ಮಂದಿರ ಕರುಳು, ನನಗೆ ತಿಳಿಯದ್ದು ಏನಾದರೂ ನಿನಗೆ ತಿಳಿದಿದೆಯೋ ಎಂದುಕೊಂಡೆ. ಇವರ ಪಾಡಿಗೆ ಇವರನ್ನು ಬಿಟ್ಟಿರಲಾಗದೆ ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬಂದೆ. "ನಂಗೇನಾಗಿದೆ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು. ಏನಾಗಿದೆ ಎಂದು ನನಗೆ ಗೊತ್ತಿದ್ದರಲ್ಲವೇ ಹೇಳುವುದು? ಗಾಬರಿಪಡುವಂಥದ್ದು ಏನಿಲ್ಲ, ಊಟದಲ್ಲಿ ಜಾಗ್ರತೆ ಇರಲಿ ಎಂದರು ಡಾಕ್ಟರು.

ಅವತ್ತು ಸಂಜೆ ಇವರು ಪೇಪರ್ ಓದುವಾಗ ಪಕ್ಕದಲ್ಲಿ ಕೂತು ಕೈ ನೋಡಿದೆ. ಮಧ್ಯದ ಬೆರಳಿನ ಗಂಟು ಇದೆ ಕಣೋ, ಗಟ್ಟಿಯಾಗಿ, ಒಂದು ಕಡೆ ಕೆಂಪು ಶಾಯಿ ಹಿಡಿದುಕೊಂಡು. ಇಷ್ಟು ವರ್ಷ ಜೊತೆಗಿದ್ದು ನಾನು ಇದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. "ಏನು ನೋಡ್ತಿದೀಯ?" ಎಂದರು. ಏನಿಲ್ಲ ಎಂದೆ. ಅವರು ಕೈಯನ್ನು ಪೇಪರಿನ ಹಿಂದೆ ಬಚ್ಚಿಟ್ಟುಕೊಂಡರು.

ಗಂಟು ಇದೆ ಎಂದು ಬರೆದದ್ದು ನಂಬುತ್ತೀಯೋ ಇಲ್ಲವೋ. ನಾನು ಯಾವುದನ್ನು ಹೇಳಿದೆ, ಯಾವುದನ್ನು ಹೇಳಲಿಲ್ಲ ಎಂಬುದು ನನಗೇ ಕಲಸಿಹೋಗಿದೆ.

ಅತ್ತಿಗೆ


ಜೂನ್ 3

ಅತ್ತಿಗೆ,

ಗಂಟು ಇದೆ ಎಂದು ನನ್ನ ಸಮಾಧಾನಕ್ಕೆ ಬರೆದಿರಿ. ಅದು ನಿಮ್ಮ ದೊಡ್ಡತನ. ಡಾಕ್ಟರು ಊಟದಲ್ಲಿ ಜಾಗ್ರತೆ ಎಂದರೆ ಅದರ ಅರ್ಥ ಏನು ಎಂದು ತಿಳಿಯದಷ್ಟು ಚಿಕ್ಕವನಲ್ಲ ನಾನು.

ಪೆನ್ನು ಈ ಪೊಟ್ಟಣದಲ್ಲಿದೆ. ಬೆರಳಿಗೆ ನೋವಾಗಬಾರದೆಂದು ಹಿಡಿಕೆಯನ್ನು ಸಣ್ಣಗೆ ಮಾಡಿದ್ದೇನೆ, ಒಳಗೆ ಆದಷ್ಟು ಕೊರೆದು ಹಗುರ ಮಾಡಿದ್ದೇನೆ. ಮೂರು ಸಲ ಉಪ್ಪುಕಾಗದದಿಂದ ಉಜ್ಜಿ, ಬರಿಗೈಯಲ್ಲೇ ಎಣ್ಣೆ ಕುಡಿಸಿದ್ದೇನೆ. ನಿಬ್ಬನ್ನು ನಯವಾದ ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ, ಕಾಗದಕ್ಕೆ ಮುಟ್ಟಿಸಿದರೆ ಸಾಕು ಬರೆಯುವ ಹಾಗೆ ಮಾಡಿದ್ದೇನೆ. ಒತ್ತುವ ಶಕ್ತಿ ಇಲ್ಲದವರಿಗೆ ಹಾಗೇ ಬೇಕು.

ಮರ ಯಾವುದೆಂದು ಈಗ ಹೇಳುತ್ತೇನೆ. ಅದು ಅಮ್ಮನ ಮಂಚದ ಕಾಲು.

ಆ ಮಂಚಕ್ಕೆ ಮರ ಕೊರೆಯುವ ಕುಟ್ಟೆ ಹುಳು ಹಿಡಿದಿತ್ತು, ಅತ್ತಿಗೆ. ಹೊರಗೆ ಪಾಲಿಶ್ ಹೊಳೆಯುತ್ತಿತ್ತು, ಒಳಗೆ ಮೂರು ಕಾಲು ಪೂರಾ ಪುಡಿ. ಕೊನೆಯ ತಿಂಗಳು ಅಮ್ಮ ಮಗ್ಗುಲು ಬದಲಿಸಿದಾಗಲೆಲ್ಲ ಮುರಿದು ಬೀಳುತ್ತದೋ ಎಂದು ನಾನು ಕೆಳಗೆ ಇಟ್ಟಿಗೆ ಕೊಟ್ಟಿದ್ದೆ. ಅವಳು ಹೋದ ಮೇಲೆ ಕೊಯ್ದು ನೋಡಿದೆ. ಒಂದು ಕಾಲಿನ ತಿರುಳು ಮಾತ್ರ ಗಟ್ಟಿ ಇತ್ತು. ಅದನ್ನು ತೆಗೆದಿಟ್ಟೆ, ಉಳಿದದ್ದನ್ನು ಸುಟ್ಟೆ. ಇಲ್ಲದಿದ್ದರೆ ಅಂಗಡಿಯ ಮರಕ್ಕೆಲ್ಲ ಹತ್ತುತ್ತಿತ್ತು. ಅಣ್ಣ ಬಂದವನೇ ಗರಗಸ ನೋಡಿ, ನಾಲ್ಕು ಜನರ ಮುಂದೆ ಕಟುಕ ಎಂದ. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಕೇಳದವನಿಗೆ ಹೇಳಬಾರದು ಎಂದು ಹಟ ಹಿಡಿದೆ. ಹಟ ಹಿಡಿದದ್ದು ಸರಿ ಎಂದೇ ಈಗಲೂ ನನಗೆ ಅನ್ನಿಸುತ್ತದೆ. ಆದರೆ ಈಗ ಅದನ್ನು ಇಟ್ಟುಕೊಂಡು ಏನು ಮಾಡಲಿ?

ಜೂನ್ ಕೊನೆಯವರೆಗೆ ಕಾಯಬೇಡಿ. ಪೆನ್ನು ಇವತ್ತೇ ಕೊಡಿ, ಮರದ ವಿಷಯವನ್ನೂ ಹೇಳಿಬಿಡಿ. ಅವನು ತಿಳಿಯದೆ ಹೋಗುವುದು ಬೇಡ.

ನಿಮ್ಮ ಮೈದುನ


ಜೂನ್ 15

ಮೈದುನನೇ,

ನಿಮ್ಮಣ್ಣ ಎಲ್ಲಿದ್ದಾರೆ ಗೊತ್ತಾ? ಇವತ್ತು ಬೆಳಿಗ್ಗೆಯಿಂದ ಕಾಣುತ್ತಿಲ್ಲ. ಪ್ರೆಸ್ಸಿಗೆ ಫೋನು ಮಾಡಿದರೆ, ರಜೆ ಕೂಡ ಹೇಳದೆ ತಪ್ಪಿಸಿಕೊಂಡದ್ದು ಇದೇ ಮೊದಲು ಎಂದು ಅವರೇ ನನ್ನನ್ನು ವಿಚಾರಿಸಿದರು. ಚಪ್ಪಲಿ ಇಲ್ಲ, ಕೊಡೆ ಇಲ್ಲ, ಪೆನ್ನೂ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ಪೆನ್ನು ಬಂದು ನಾಲ್ಕೈದು ದಿನ ನನಗೆ ಧೈರ್ಯ ಬರಲಿಲ್ಲ. ಇವರ ಆರದ ಸಿಟ್ಟಿನ ಮುಂದೆ ಅದೇ ಮಂಚದ ಮರವನ್ನು ಹಿಡಿದು ನಿಲ್ಲುವುದು ಹೇಗೆ? ನಿನ್ನೆ ಮನಸ್ಸು ಗಟ್ಟಿ ಮಾಡಿ ಮೇಜಿನ ಮೇಲಿಟ್ಟು, ನಿಮ್ಮ ತಮ್ಮ ಕಳಿಸಿದ್ದು ಎನ್ನದೆ, "ನಿಮಗೊಂದು ಉಡುಗೊರೆ" ಎಂದಷ್ಟೇ ಅಂದೆ. ಇವರಿಗೆ ಹೇಳಬೇಕೇ? ನೋಡಿದ ಕೂಡಲೇ ಯಾರ ಕೆಲಸವೆಂದು ಗೊತ್ತಾಯಿತು. ಆದರೂ ಎಸೆಯಲಿಲ್ಲ. ಮುಚ್ಚಳ ತೆಗೆದರು, ಬೆಳಕಿಗೆ ಹಿಡಿದರು, ಹಳೆಯ ಪ್ರೂಫ್ ಹಾಳೆಯ ಮೇಲೆ ಬರೆದು ನೋಡಿದರು. ಬೆರಳು ತಗ್ಗಿನಲ್ಲಿ ಕೂರಲೇ ಇಲ್ಲ. ಹಿಡಿದರೆ ಜಾರುತ್ತಿತ್ತು. ಮೂರು ಸಲ ಪ್ರಯತ್ನಪಟ್ಟು ನನ್ನ ಕೈಗೆ ಕೊಟ್ಟರು. "ನೀನು ಹಿಡಿ" ಎಂದರು. ಹಿಡಿದೆ. ಹೊಲಿದ ಅಂಗಿಯ ಹಾಗೆ ಕೂತಿತು.

"ನಿನಗೆ ಮಾಡಿದ್ದನ್ನ ನನಗ್ಯಾಕೆ ಕೊಡ್ತೀಯ?" ಎಂದರು. ಸಿಟ್ಟಲ್ಲ, ಮುಖ ಸಪ್ಪೆ ಮಾಡಿಕೊಂಡು. ಆ ಮುಖ ನೋಡಲಾರದೆ, ನಿಮಗೇ ಮಾಡಿದ್ದು, ಅತ್ತೆಯ ಮಂಚದ ಮರದಲ್ಲಿ ಮಾಡಿದ್ದು ಎಂದು ಬಡಬಡಿಸಿಬಿಟ್ಟೆ. ಕುಟ್ಟೆಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎದ್ದು ಒಳಗೆ ಹೋಗಿ ಮಲಗಿದರು. ಬೆಳಿಗ್ಗೆ ನೋಡಿದರೆ ಮನೆ ಖಾಲಿ.

ಈಗ ನನ್ನ ಪಾಲಿನದು. ಆ ಅಚ್ಚು ನನ್ನ ಕೈಯದು. ಕಲೆಗಳು ನನ್ನ ಸೂಜಿಯವು. ನಿಮ್ಮಣ್ಣನಿಗೆ ಯಾವ ಕಾಯಿಲೆಯೂ ಇಲ್ಲ. ಡಾಕ್ಟರು ಹೇಳಿದ್ದು ತೂಕ ಇಳಿಸಿ ಎಂದು. ಮೊದಲೇ ಹೇಳಬೇಕಿತ್ತು, ಪ್ರತಿ ಪತ್ರದಲ್ಲೂ ಹೇಳಲು ಹೊರಟು ಹೇಳದೆ ಮುಗಿಸಿದೆ. ನಿಮ್ಮಿಬ್ಬರನ್ನು ಹತ್ತಿರ ತರಲು ಹೋಗಿ ಇರುವುದನ್ನೂ ಕೆಡಿಸಿದೆನೋ ಎಂದು ಭಯವಾಗುತ್ತಿದೆ. ಅಲ್ಲಿಗೆ ಬಂದರೆ ದಮ್ಮಯ್ಯ, ಜಗಳವಾಡಬೇಡ. ಆಡಿದರೂ ಊಟ ಹಾಕಿ ಆಡು.

ಅತ್ತಿಗೆ


ಜೂನ್ 15

ಅತ್ತಿಗೆ,

ಅಣ್ಣ ಇಲ್ಲಿದ್ದಾನೆ. ಅಂಚೆ ಕಚೇರಿ ಪಕ್ಕದ ಅಂಗಡಿಯಿಂದ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ನೀವು ಹೊಲಿಗೆ ಅಂಗಡಿಯಲ್ಲಿರಬೇಕು. ಮತ್ತೆ ಪ್ರಯತ್ನ ಮಾಡುತ್ತೇನೆ. ಅಷ್ಟರೊಳಗೆ ಇದನ್ನು ಬರೆದು ಹಾಕುತ್ತಿದ್ದೇನೆ.

ಮಧ್ಯಾಹ್ನ ಒಂದು ಮೇಜಿನ ಕಾಲು ಕಡೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದಾನೆ, ಮುಖ ಕೆಂಪಗೆ. "ಅಮ್ಮನ ಮಂಚದ ಮರದಲ್ಲಿ ನನ್ನ ಹೆಂಡತಿಗೆ ಪೆನ್ನು ಮಾಡಿ, ನನಗೆ ಕೊಟ್ಟು ಅಣಕಿಸ್ತೀಯೇನೋ?" ಎಂದು ಕೇಳಿದ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಅತ್ತಿಗೆ, ನಿಜ ಹೇಳುತ್ತೇನೆ, ನನಗೆ ಕೇಳಿಸಲೇ ಇಲ್ಲ. ನಾನು ನೋಡುತ್ತಿದ್ದದ್ದು ಅವನ ಹೊಟ್ಟೆಯನ್ನು, ಕತ್ತನ್ನು. ಹಾಸಿಗೆ ಹಿಡಿದವನೆಂದು ತಿಂಗಳಿಂದ ಅಂದುಕೊಂಡವನು ಬಾಗಿಲು ತುಂಬ ನಿಂತಿದ್ದ.

ಹೋಗಿ ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳು ಹಾಗೇ ದಪ್ಪಗಿವೆ. ಗಂಟು ಅದರ ಜಾಗದಲ್ಲೇ ಇದೆ. ಗಂಟನ್ನು ಒತ್ತಿ ಒತ್ತಿ ನೋಡಿದೆ. ಅಲ್ಲೇ ನಿಂತು ಅತ್ತುಬಿಟ್ಟೆ, ನಾಚಿಕೆ ಇಲ್ಲದೆ.

"ಏನೋ ಇದು, ಬಿಡೋ" ಎಂದ. ಬಿಡಲಿಲ್ಲ. "ಯಾವ ಕಾಯಿಲೆ, ನಂಗೂ ಹೇಳಬಾರ್ದಾ?" ಎಂದೆ. "ಯಾರಿಗೆ ಕಾಯಿಲೆ?" ಎಂದ. "ನಿಂಗೆ" ಎಂದೆ. ಅವನು ಪೆನ್ನನ್ನು ಬೆಂಚಿನ ಮೇಲಿಟ್ಟು, ನನ್ನ ಹಣೆ ಮುಟ್ಟಿ ನೋಡಿದ. ಜ್ವರವಿದೆಯೇ ಎಂದು ನೋಡಿದನೆಂದು ಆಮೇಲೆ ಹೊಳೆಯಿತು.

ಊಟಕ್ಕೆ ಕೂರಿಸಿದೆ. ಜಾಗ್ರತೆಯ ಊಟ ಎಂದು ಉಪ್ಪಿಲ್ಲದೆ ಬಡಿಸಿದೆ. ಒಂದು ತುತ್ತು ತಿಂದು, ಅಡುಗೆ ಮಾಡಲೂ ಮರೆತುಹೋಗಿದೆಯೇನೋ ಎನ್ನುವ ಹಾಗೆ ನನ್ನನ್ನು ನೋಡಿದ. ಆದರೂ ಪೂರ್ತಿ ತಿಂದ. ಮಂಚದ ಕುಟ್ಟೆಯ ವಿಷಯವನ್ನು ಊಟದ ನಡುವೆ ಹೇಳಿದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟು, "ಅವತ್ತೇ ಹೇಳಬಾರ್ದಿತ್ತಾ?" ಎಂದ. "ನೀನು ಕೇಳಲಿಲ್ಲ" ಎಂದೆ. "ಹೌದು, ಕೇಳಲಿಲ್ಲ" ಎಂದು ತಟ್ಟೆ ತೊಳೆಯಲು ಎದ್ದ.

ನನಗೆ ಇನ್ನೂ ತಲೆಬುಡ ತಿಳಿಯುತ್ತಿಲ್ಲ. ಆ ಅಚ್ಚು ಯಾರದು? ಅವನು ಚೆನ್ನಾಗಿದ್ದರೆ ನೀವು ಆಸ್ಪತ್ರೆಗೆ ಯಾಕೆ ಹೋದಿರಿ? ಅವನನ್ನು ಕೇಳಲು ಹೆದರಿಕೆ. ಇಷ್ಟು ಹೊತ್ತಿಗೆ ಅವನು ನನ್ನನ್ನು ಒಬ್ಬನನ್ನೇ ಬಿಡಲು ಒಪ್ಪದೆ, ಉಳಿಗಳನ್ನೆಲ್ಲ ಎತ್ತಿ ಮೇಲಿನ ಹಲಗೆಯಲ್ಲಿಟ್ಟಿದ್ದಾನೆ. ಈ ಪತ್ರದ ಕೊನೆಗೆ ತಾನೂ ಎರಡು ಸಾಲು ಬರೆಯಬೇಕಂತೆ, ನಾನು ನೋಡಬಾರದಂತೆ. ಕಾಗದ ಅವನಿಗೆ ಕೊಡುತ್ತಿದ್ದೇನೆ.

ನಿಮ್ಮ ಮೈದುನ

ನಾನು ಇಲ್ಲಿದ್ದೇನೆ, ಗಾಬರಿಪಡಬೇಡ. ಈ ಪೆನ್ನು ಜಾರುತ್ತದೆ, ಅಕ್ಷರ ನೋಡಿ ನಗಬೇಡ. ನನ್ನ ತಮ್ಮನಿಗೆ ಏನೋ ಆಗಿದೆ. ಕಾರಣವಿಲ್ಲದೆ ಅಳುತ್ತಾನೆ, ನನ್ನ ಕೈ ಬಿಡುತ್ತಿಲ್ಲ, ಉಪ್ಪು ಹಾಕುವುದನ್ನೂ ಮರೆತಿದ್ದಾನೆ. ಎಷ್ಟು ದಿನದಿಂದ ಹೀಗಿದ್ದಾನೋ, ನೋಡಿಕೊಳ್ಳುವವರು ಯಾರೂ ಇಲ್ಲ. ಪ್ರೆಸ್ಸಿಗೆ ಹೇಳಿಬಿಡು, ಇವನು ಸರಿಹೋಗುವವರೆಗೆ ನಾನು ಬರುವುದಿಲ್ಲ.